ಬಸಿರಿನಲ್ಲಿ ಸಕ್ಕರೆ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು ಜಿಲ್ಲೆಯ ಹಳ್ಳಿಗಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆಯ ದಿನ ನಮ್ಮ ಮುಂದೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರ ಬರೆದಿದ್ದೇವೆ. ಕೇಳುವವರು ಬಸುರಿಯರಷ್ಟೇ ಅಲ್ಲ. ಜೊತೆಗೆ ಬಂದ ಅತ್ತೆ, ಅವ್ವ, ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುವ ಗಂಡ, ಒಮ್ಮೊಮ್ಮೆ ಆಶಾ ಕಾರ್ಯಕರ್ತೆಯರೂ ಕೇಳುತ್ತಾರೆ. ಇಲ್ಲಿರುವ ಅಂಕಿಗಳು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯನ್ನು ಅನುಸರಿಸಿವೆ. ಔಷಧದ ಪ್ರಮಾಣವನ್ನು ಬೇಕೆಂದೇ ಬರೆದಿಲ್ಲ, ಅದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದರೆ ಏನು?

ನಾವು ಉಂಡ ರೊಟ್ಟಿ, ಅನ್ನ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ರಕ್ತದಿಂದ ಮೈಯ ಜೀವಕೋಶಗಳೊಳಗೆ ಸೇರಿಸುವುದು ಇನ್ಸುಲಿನ್. ಬಸಿರು ಬೆಳೆದಂತೆ ಮಾಸಿನಿಂದ (ಪ್ಲಾಸೆಂಟಾದಿಂದ) ಹೊರಡುವ ಹಾರ್ಮೋನುಗಳು ಈ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಇದು ಹೊಟ್ಟೆಯಲ್ಲಿರುವ ಕೂಸಿಗೆ ಆಹಾರ ಕಡಿಮೆಯಾಗದಿರಲೆಂದು ದೇಹ ಮಾಡಿಕೊಳ್ಳುವ ಏರ್ಪಾಡು. ಹೆಚ್ಚಿನ ಹೆಂಗಸರ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸಿ ಇದನ್ನು ಸರಿದೂಗಿಸಿಕೊಳ್ಳುತ್ತದೆ, ಕೆಲವರಿಗೆ ಅದು ಸಾಧ್ಯವಾಗುವುದಿಲ್ಲ, ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದು ಗೊತ್ತಿಲ್ಲದೆ ಬಂದವರೂ ಈ ಪರೀಕ್ಷೆಯಲ್ಲಿಯೇ ಮೊದಲ ಬಾರಿಗೆ ಸಿಗುತ್ತಾರೆ.

ನನಗೆ ಯಾವ ತ್ರಾಸೂ ಇಲ್ಲ, ತೆಳ್ಳಗಿದ್ದೇನೆ, ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಆದರೂ ಪರೀಕ್ಷೆ ಬೇಕೇ?

ಬೇಕು. ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಸುಸ್ತು, ಪದೇ ಪದೇ ಮೂತ್ರಕ್ಕೆ ಹೋಗುವುದು ಎಲ್ಲ ಬಸುರಿಯರಿಗೂ ಇರುವುದರಿಂದ ಅವುಗಳಿಂದ ಏನೂ ತಿಳಿಯದು. ದಪ್ಪಗಿರುವವರಿಗೆ, ಶ್ರೀಮಂತರಿಗೆ ಬರುವ ಕಾಯಿಲೆ ಇದು ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ, ಆದರೆ ನಮ್ಮ ದೇಶದ ಹೆಂಗಸರಲ್ಲಿ ಕಡಿಮೆ ತೂಕದವರಿಗೂ ಇದು ಬರುತ್ತದೆ. ಹತ್ತಿ ಬಿಡಿಸಿ, ಭತ್ತದ ನಾಟಿ ಮಾಡಿ ದಿನವಿಡೀ ದುಡಿಯುವವರಿಗೂ ಬಂದಿರುವುದನ್ನು ನಾವು ನೋಡಿದ್ದೇವೆ. ಯಾರಿಗೆ ಬರಬಹುದೆಂದು ಮುಖ ನೋಡಿ ಆರಿಸಲು ಆಗದ್ದರಿಂದಲೇ ಮಾರ್ಗಸೂಚಿ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆ ಮಾಡಿ ಎನ್ನುತ್ತದೆ.

ಪತ್ತೆಯಾಗದೆ ಉಳಿದರೆ ಕೂಸಿಗೆ ಏನಾಗುತ್ತದೆ?

ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಹೆಚ್ಚಾಗಿ ಬಂದ ಸಕ್ಕರೆಯನ್ನು ನಿಭಾಯಿಸಲು ಕೂಸೇ ಹೆಚ್ಚು ಇನ್ಸುಲಿನ್ ತಯಾರಿಸಿ, ಆ ಸಕ್ಕರೆಯನ್ನು ಕೊಬ್ಬಾಗಿಸಿಕೊಂಡು ದಪ್ಪವಾಗುತ್ತದೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ಇಂಥ ಕೂಸುಗಳಿಗೆ ಹೆಚ್ಚು. ಹೊಕ್ಕುಳ ಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಂತರೂ ಕೂಸಿನ ಇನ್ಸುಲಿನ್ ಅಷ್ಟೇ ಇರುವುದರಿಂದ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ರಕ್ತದ ಸಕ್ಕರೆ ಕುಸಿಯಬಹುದು. ಹೊಟ್ಟೆಯಲ್ಲಿಯೇ ಕೂಸು ತೀರಿಕೊಳ್ಳುವ ಸಾಧ್ಯತೆಯೂ ಹೆಚ್ಚುತ್ತದೆ. ತಾಯಿಗೆ ರಕ್ತದೊತ್ತಡ ಏರುವುದು, ಗರ್ಭಚೀಲದಲ್ಲಿ ನೀರು ಹೆಚ್ಚಾಗುವುದು, ಆಪರೇಷನ್ ಹೆರಿಗೆಯಾಗುವುದು ಇವೂ ಇವೆ. ದಪ್ಪ ಕೂಸನ್ನು ನೋಡಿ ಹಿಗ್ಗುವ ಹಿರಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: 4 ಕಿಲೋ ತೂಗುವ ಕೂಸು ಹುಟ್ಟಿದರೆ ಮೊದಲು ತಾಯಿಯ ಸಕ್ಕರೆಯನ್ನು ವಿಚಾರಿಸಬೇಕು.

ಪರೀಕ್ಷೆ ಹೇಗೆ ಮಾಡುತ್ತಾರೆ?

75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಅದನ್ನು 5ರಿಂದ 10 ನಿಮಿಷದೊಳಗೆ ಕುಡಿದು ಮುಗಿಸಬೇಕು. ಸರಿಯಾಗಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ ನೋಡುತ್ತಾರೆ. ಒಂದು ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸಿರಿನ ಸಕ್ಕರೆ ಕಾಯಿಲೆ ಇದೆ ಎಂದು ಲೆಕ್ಕ.

ನಮ್ಮಲ್ಲಿ ಸಿಸ್ಟರ್ ದೊಡ್ಡ ಸ್ಟೀಲ್ ಲೋಟದಲ್ಲಿ ಪುಡಿ ಹಾಕಿ, ತಳದಲ್ಲಿ ಒಂದು ಹರಳೂ ಉಳಿಯದಂತೆ ಚಮಚದಿಂದ ತಿರುವುತ್ತಾರೆ. ತಳದಲ್ಲಿ ಉಳಿದ ಪುಡಿಯೆಂದರೆ ಹೊಟ್ಟೆಗೆ ಹೋಗದ ಸಕ್ಕರೆ, ಹಾಗಾದರೆ ಫಲಿತಾಂಶವೇ ತಪ್ಪುತ್ತದೆ. ಕುಡಿದು ಲೋಟ ಕೆಳಗಿಟ್ಟ ಕೂಡಲೇ ಬಾಲ್ ಪೆನ್ನಿನಿಂದ ಗರ್ಭಿಣಿಯ ಎಡ ಅಂಗೈಯಲ್ಲಿ ‘10.20’ ಎಂದು ಬರೆಯುತ್ತಾರೆ, ತಾಯಿ ಕಾರ್ಡಿನಲ್ಲಿಯೂ ಬರೆಯುತ್ತಾರೆ. ಗದ್ದಲದಲ್ಲಿ ಕಾರ್ಡುಗಳು ಅದಲುಬದಲಾಗುತ್ತವೆ, ಅಂಗೈ ಬದಲಾಗುವುದಿಲ್ಲ. ಆ ಎರಡು ಗಂಟೆ ಬೆಂಚಿನ ಮೇಲೆ ಕೂತಿರಬೇಕು. ಏನೂ ತಿನ್ನಬಾರದು, ಚಹಾ ಕುಡಿಯಬಾರದು, ಸಂತೆಗೆ ಹೋಗಿ ಬರಬಾರದು. ಬಾಯಾರಿದರೆ ಒಂದೆರಡು ಗುಟುಕು ನೀರು ಕುಡಿಯಬಹುದು.

ಪುಡಿಯ ಬಗ್ಗೆ ಸಿಬ್ಬಂದಿಗೆ ಒಂದು ಮಾತು. 75 ಗ್ರಾಂ ಎಂಬುದು ನೀರಿನ ಅಂಶವಿಲ್ಲದ ಗ್ಲೂಕೋಸಿನ ಲೆಕ್ಕ. ನೀರಿನ ಅಂಶವಿರುವ ಮಾನೊಹೈಡ್ರೇಟ್ ಪುಡಿಯಾದರೆ 82.5 ಗ್ರಾಂ ಬೇಕು. ಪೊಟ್ಟಣದ ಮೇಲೆ ಏನಿದೆ ಎಂದು ಓದಬೇಕು. ದೊಡ್ಡ ಡಬ್ಬಿಯಿಂದ ಚಮಚದ ಅಂದಾಜಿನಲ್ಲಿ ಹಾಕುವುದನ್ನು ಬಿಡಬೇಕು.

ಖಾಲಿ ಹೊಟ್ಟೆಯಲ್ಲಿ ಬರಬೇಕೇ?

ಬೇಕಿಲ್ಲ. ಹಿಂದಿನ ಊಟ ಯಾವಾಗ ಆಯಿತು ಎಂಬುದನ್ನು ಲೆಕ್ಕಿಸದೆ ಈ ಪರೀಕ್ಷೆ ಮಾಡಬಹುದು. ಎರಡು ಬಸ್ ಬದಲಾಯಿಸಿ ಬರುವ ಬಸುರಿಗೆ ರಾತ್ರಿಯಿಂದ ಉಪವಾಸವಿರಿ ಎಂದರೆ ಅವಳು ಬರುವುದೇ ಇಲ್ಲ, ಬಂದರೆ ತಲೆ ಸುತ್ತಿ ಕೂರುತ್ತಾಳೆ. ಈ ಕಷ್ಟವನ್ನು ಅರಿತೇ, ಚೆನ್ನೈನ ವೈದ್ಯ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಾರರು ಬಸಿರಿನ ಮಧುಮೇಹದ ಭಾರತೀಯ ಅಧ್ಯಯನ ಗುಂಪಾದ ಡಿಪ್ಸಿಯ ಮೂಲಕ ಈ ಒಂದೇ ಹಂತದ ಪರೀಕ್ಷೆಯನ್ನು ಮುಂದಿಟ್ಟರು. ಅವರ ಹುಟ್ಟುಹಬ್ಬವಾದ ಮಾರ್ಚ್ 10ನ್ನು ದೇಶದಲ್ಲಿ ಬಸಿರಿನ ಮಧುಮೇಹ ಜಾಗೃತಿ ದಿನವೆಂದು ಆಚರಿಸುತ್ತಾರೆ.

ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕರೆದು ಮೂರು ಸಲ ರಕ್ತ ತೆಗೆದರು. ಯಾವುದು ಸರಿ?

ಅದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡ ವಿಧಾನ. ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಕಾಯಿಲೆ ಇದೆ ಎಂದು ಅರ್ಥ. ಅದೂ ಸರಿಯಾದ ಪರೀಕ್ಷೆಯೇ. ಆ ವಿಧಾನದೊಡನೆ ಹೋಲಿಸಿದರೆ ನಮ್ಮ ಒಂದೇ ಹಂತದ ಪರೀಕ್ಷೆ ಕೆಲವರನ್ನು ಬಿಟ್ಟುಬಿಡುತ್ತದೆ ಎಂಬ ಆಕ್ಷೇಪ ವೈದ್ಯರೊಳಗೇ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಾಗಿದ್ದರೂ ಮೂರು ಸಲ ರಕ್ತ ತೆಗೆಯುವ ಪರೀಕ್ಷೆಯನ್ನು ಉಪಕೇಂದ್ರದಲ್ಲಿ ಪ್ರತಿಯೊಬ್ಬ ಬಸುರಿಗೂ ಮಾಡಲಾಗುವುದಿಲ್ಲ. ಮಾಡಲಾಗದ ಒಳ್ಳೆಯ ಪರೀಕ್ಷೆಗಿಂತ ಎಲ್ಲರಿಗೂ ಮುಟ್ಟುವ ಪರೀಕ್ಷೆಯೇ ನಮ್ಮ ಕಡೆ ಹೆಚ್ಚು ಕೂಸುಗಳನ್ನು ಉಳಿಸುತ್ತದೆ ಎಂದು ನಾನು ನಂಬಿದ್ದೇನೆ. ಒಂದು ಕಡೆ ಕಾಯಿಲೆ ಇದೆ ಎಂದು ಬಂದಿದ್ದರೆ ಇನ್ನೊಂದು ಕಡೆಯ ನಾರ್ಮಲ್ ಚೀಟಿ ಹಿಡಿದು ಸುಮ್ಮನಿರಬೇಡಿ, ಎರಡನ್ನೂ ವೈದ್ಯರಿಗೆ ತೋರಿಸಿ.

ಗ್ಲೂಕೋಸ್ ನೀರು ಕುಡಿದ ಮೇಲೆ ವಾಂತಿಯಾದರೆ?

ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಬಿಟ್ಟು ಮರುದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಕಳೆದ ಮೇಲೆ ಆದರೆ ಪರೀಕ್ಷೆ ಮುಂದುವರಿಯುತ್ತದೆ. ವಾಂತಿಯಾದದ್ದನ್ನು ಸಂಕೋಚದಿಂದ ಮುಚ್ಚಿಡಬೇಡಿ.

ಅಷ್ಟು ಸಿಹಿ ಕುಡಿದರೆ ಕೂಸಿಗೆ ಕೆಟ್ಟದ್ದಲ್ಲವೇ? ಅದರಿಂದಲೇ ಶುಗರ್ ಬಂದುಬಿಟ್ಟರೆ?

ಒಮ್ಮೆ ಕುಡಿದ ಗ್ಲೂಕೋಸಿನಿಂದ ಕಾಯಿಲೆ ಬರುವುದಿಲ್ಲ, ಕೂಸಿಗೂ ಹಾನಿಯಿಲ್ಲ.

ಮೊದಲ ಸಲ ನಾರ್ಮಲ್ ಬಂದಿದೆ. ಮತ್ತೆ ಯಾಕೆ ಮಾಡಿಸಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಬಿಡುವಿದ್ದರೆ ಇದನ್ನು ಓದಿ.

ಪರೀಕ್ಷೆ ಎರಡು ಸಲ ಆಗಬೇಕು. ಮೊದಲನೆಯದು ಬಸಿರು ಖಚಿತವಾಗಿ ನೀವು ಮೊದಲ ಬಾರಿ ತಪಾಸಣೆಗೆ ಬಂದಾಗ. ಅದು ನಾರ್ಮಲ್ ಇದ್ದರೆ ಎರಡನೆಯದು 24ರಿಂದ 28ನೇ ವಾರದೊಳಗೆ, ಅಂದರೆ ಆರನೇ ತಿಂಗಳ ನಡುವಿನಿಂದ ಏಳನೇ ತಿಂಗಳ ನಡುವಿನವರೆಗೆ. ಎರಡರ ನಡುವೆ ಕಡಿಮೆಯೆಂದರೆ 4 ವಾರದ ಅಂತರವಿರಬೇಕು. 28 ವಾರ ದಾಟಿದ ಮೇಲೆಯೇ ಮೊದಲ ಬಾರಿ ಬಂದವರಿಗೆ ಒಂದೇ ಪರೀಕ್ಷೆ ಸಾಕು. ಇನ್ಸುಲಿನ್ನಿಗೆ ಅಡ್ಡ ಬರುವ ಹಾರ್ಮೋನುಗಳು ಮಾಸು ದೊಡ್ಡದಾದಂತೆ ಹೆಚ್ಚುವುದರಿಂದ ಮೂರನೇ ತಿಂಗಳಲ್ಲಿ ನಾರ್ಮಲ್ ಇದ್ದ ಸಕ್ಕರೆ ಆರು ತುಂಬುವಾಗ ಏರಿರಬಹುದು. ಮೊದಲ ಚೀಟಿ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೈತಪ್ಪುವುದು ಈ ಎರಡನೇ ಪರೀಕ್ಷೆಯೇ, ಅದಕ್ಕೆ ಕಾರಣ ನಮ್ಮ ಬದುಕಿನ ರೀತಿಯಲ್ಲಿಯೇ ಇದೆ. ಚೊಚ್ಚಲ ಬಸುರಿಗೆ ಏಳರಲ್ಲಿ ಕುಬುಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಗಂಡನ ಊರಿನ ಆಶಾ ಕಾರ್ಯಕರ್ತೆ ‘ತವರಿಗೆ ಹೋಗಿದ್ದಾಳೆ, ಅಲ್ಲಿ ಮಾಡಿಸಿರುತ್ತಾರೆ’ ಎಂದುಕೊಳ್ಳುತ್ತಾರೆ. ತವರೂರಿನವರು ಕಾರ್ಡಿನಲ್ಲಿ ಸಕ್ಕರೆಯ ಅಂಕಿ ಒಂದು ಇರುವುದನ್ನು ಕಂಡು ‘ಆಗಿದೆ’ ಎಂದುಕೊಳ್ಳುತ್ತಾರೆ. ಇಬ್ಬರ ಲೆಕ್ಕದಲ್ಲೂ ತಪ್ಪಿಲ್ಲ, ಪರೀಕ್ಷೆ ಮಾತ್ರ ಆಗಿರುವುದಿಲ್ಲ. ಇನ್ನೊಂದು ಗುಳೆ. ಕಾಲುವೆಯ ನೀರು ಕಾಣದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ನಾಲ್ಕು ತಿಂಗಳ ಬಸುರಿ ಹೋದವಳು ಒಂಬತ್ತಕ್ಕೆ ಬಿದ್ದಾಗ ಹೆರಿಗೆಗೆಂದು ಊರಿಗೆ ಬರುತ್ತಾಳೆ.

ಹಾಗೆ ಬಂದ ಒಬ್ಬಾಕೆಯನ್ನು ನಾನು ಮರೆತಿಲ್ಲ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಂದು ಮೂಲೆಯೂ ಮುದುಡದಂತೆ ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದಳು. ಅದರಲ್ಲಿ ಮೂರನೇ ತಿಂಗಳಲ್ಲಿ ಬರೆದ 112 ಎಂಬ ಒಂದೇ ಅಂಕಿ ಇತ್ತು, ಮುಂದಿನ ಸಾಲು ಖಾಲಿ. ‘ಮೊದಲ್ನೇ ಸಲ ನಾರ್ಮಲ್ ಬಂದದಲ್ರಿ, ಮತ್ತ್ಯಾಕ್ರಿ?’ ಎಂದು ಕೇಳಿದಳು. ಅಂದು ಬಂದ ಅಂಕಿ 218. ಅದೇ ದಿನ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿದೆವು. ತಾಯಿ, ಕೂಸು ಇಬ್ಬರೂ ಉಳಿದರು, ಆದರೆ ಕೂಸು ಕೆಲವು ದಿನ ನವಜಾತ ಶಿಶುಗಳ ವಾರ್ಡಿನಲ್ಲಿ ಇರಬೇಕಾಯಿತು. ಅವಳು ಹೇಳಿದ್ದನ್ನೆಲ್ಲ ಮಾಡಿದ್ದಳು. ಮತ್ತೊಮ್ಮೆ ಬರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆ ಹೇಳದವರಲ್ಲಿ ನಾವೂ ಇದ್ದೆವು.

ಆದ್ದರಿಂದ ತವರಿಗೆ ಹೊರಡುವ ಮುನ್ನ ಅಥವಾ ತವರು ಸೇರಿದ ವಾರದಲ್ಲಿಯೇ ಕಾರ್ಡು ತೋರಿಸಿ, ‘ಗ್ಲೂಕೋಸ್ ಕುಡಿಸಿ ಮಾಡುವ ಎರಡನೇ ಸಕ್ಕರೆ ಪರೀಕ್ಷೆ ಆಗಬೇಕು’ ಎಂದು ಬಾಯಿಬಿಟ್ಟು ಕೇಳಿ. ಗುಳೆ ಹೋಗುವವರು ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟು ಹೋಗಬೇಡಿ. ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಬಸುರಿಯನ್ನು ನೀವು ಈ ಊರಿನವರಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಆಶಾ ಕಾರ್ಯಕರ್ತೆಯರು ತವರಿಗೆ ಹೋದವರ ಹೆಸರಿನ ಮುಂದೆ ‘ಹೋಗಿದ್ದಾರೆ’ ಎಂದು ಬರೆಯುವ ಬದಲು ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಈ ಖಾಲಿ ಸಾಲುಗಳಲ್ಲಿ ಹೆಚ್ಚಿನವು ತುಂಬುತ್ತವೆ.

ಪ್ರತಿ ಸಲ ಮೂತ್ರ ಪರೀಕ್ಷೆ ಮಾಡುತ್ತಾರಲ್ಲ, ಅದು ಸಾಲದೇ? ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ?

ಮೂತ್ರದಲ್ಲಿ ಸಕ್ಕರೆ ನೋಡಿ ಇದನ್ನು ಹೇಳಲಾಗದು. ಬಸಿರಿನಲ್ಲಿ ಮೂತ್ರಪಿಂಡಗಳು ಸಕ್ಕರೆಯನ್ನು ಬೇಗ ಹೊರಬಿಡುವುದರಿಂದ ಕಾಯಿಲೆ ಇಲ್ಲದವರ ಮೂತ್ರದಲ್ಲೂ ಸಕ್ಕರೆ ಕಾಣಬಹುದು, ಇದ್ದವರಲ್ಲಿ ಕಾಣದೆಯೂ ಹೋಗಬಹುದು. ಎಚ್‌ಬಿಎ1ಸಿ ಎಂಬ ಸರಾಸರಿ ಪರೀಕ್ಷೆ ಕೆಂಪು ರಕ್ತಕಣಗಳನ್ನು ನೆಚ್ಚಿಕೊಂಡದ್ದು. ಬಸಿರಿನಲ್ಲಿ ಆ ಕಣಗಳ ಆಯುಷ್ಯ ಬದಲಾಗುತ್ತದೆ, ಕಬ್ಬಿಣಾಂಶದ ಕೊರತೆಯಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಭಾಗದಲ್ಲಿ ಅದನ್ನು ಗ್ಲೂಕೋಸ್ ಪರೀಕ್ಷೆಯ ಬದಲಿಗೆ ಬಳಸುವುದು ಸರಿಯಲ್ಲ.

ಬೆರಳು ಚುಚ್ಚಿ ನೋಡುವ ಮಷಿನ್ನನ್ನು ನಂಬಬಹುದೇ?

ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟ ರಕ್ತದ ದ್ರವಭಾಗದ ಲೆಕ್ಕಕ್ಕೆ ಹೊಂದಿಸಿದ ಗ್ಲೂಕೋಮೀಟರನ್ನು ಬಳಸಬಹುದು ಎಂದು ಮಾರ್ಗಸೂಚಿಯೇ ಹೇಳುತ್ತದೆ. ತಪ್ಪಾಗುವುದು ಹೆಚ್ಚಾಗಿ ಸುತ್ತಲಿನ ಕಾರಣಗಳಿಂದ. ಲೋಟ ಹಿಡಿದ ಬೆರಳಿಗೆ ಗ್ಲೂಕೋಸ್ ನೀರು ಅಂಟಿದ್ದರೆ, ಆ ಬೆರಳನ್ನೇ ಚುಚ್ಚಿದಾಗ ಅಂಕಿ ಸುಳ್ಳಾಗಿ ಮೇಲೇರುತ್ತದೆ. ಆದ್ದರಿಂದ ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ; ಬೈಕಿನ ಡಿಕ್ಕಿಯಲ್ಲಿಟ್ಟ ಅಥವಾ ಮುಚ್ಚಳ ತೆರೆದಿಟ್ಟ ಸ್ಟ್ರಿಪ್ಪುಗಳು ಕೆಡುತ್ತವೆ. ರಕ್ತಹೀನತೆ ತೀವ್ರವಾಗಿದ್ದರೆ ಈ ಮಷಿನ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಅಂಥವರ ರಕ್ತವನ್ನು ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

140 ದಾಟಿದೆ. ಮುಂದೇನು? ಜೋಳದ ರೊಟ್ಟಿ ತಿನ್ನಬಹುದೇ?

ಮೊದಲ ಎರಡು ವಾರ ಊಟದ ಬದಲಾವಣೆ ಮತ್ತು ನಡಿಗೆ. ಅದಾದ ಮೇಲೆ ಊಟವಾಗಿ ಎರಡು ಗಂಟೆಗೆ ರಕ್ತ ನೋಡುತ್ತಾರೆ. 120ರ ಕೆಳಗಿದ್ದರೆ ಅದನ್ನೇ ಮುಂದುವರಿಸಬೇಕು, 120 ಅಥವಾ ಹೆಚ್ಚಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಸೇರಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿಯೇ 200 ದಾಟಿದ್ದರೆ ಕಾಯದೆ ತಜ್ಞ ವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು.

ರೊಟ್ಟಿ ತಿನ್ನಬಹುದು, ತಿನ್ನಬೇಕು. ಜೋಳವಾಗಲಿ ಸಜ್ಜೆಯಾಗಲಿ ಪಾಲಿಶ್ ಮಾಡಿದ ಸೋನಾ ಮಸೂರಿ ಅಕ್ಕಿಗಿಂತ ಒಳ್ಳೆಯದು. ಆದರೆ ರೊಟ್ಟಿಯಿಂದ ಸಕ್ಕರೆ ಏರುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ, ಎಷ್ಟು ತಿನ್ನುತ್ತೀರಿ ಎಂಬುದು ಮುಖ್ಯ. ಒಂದೇ ಹೊತ್ತಿಗೆ ನಾಲ್ಕು ರೊಟ್ಟಿ, ಮೇಲೆ ಬಟ್ಟಲು ತುಂಬ ಅನ್ನ ಉಣ್ಣುವ ಬದಲು ಅದನ್ನೇ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿನಿಸಾಗಿ ಹಂಚಿಕೊಳ್ಳಿ. ತಟ್ಟೆಯಲ್ಲಿ ಪುಂಡಿಪಲ್ಯ, ಮೆಂತ್ಯ, ಹೆಸರುಕಾಳು, ಮಡಿಕೆಕಾಳು ಹೆಚ್ಚಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಿಹಿಯಿಲ್ಲದ ಮಜ್ಜಿಗೆ ಇರಲಿ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಸಿಗುವ ಮೊಟ್ಟೆ, ಹಾಲನ್ನು ಬಿಡಬೇಡಿ, ಚಿಕ್ಕಿಯನ್ನು ಬಿಡಿ. ಚಹಾದ ಸಕ್ಕರೆ, ಬೆಲ್ಲ, ಬಾಟಲಿಯ ತಂಪು ಪಾನೀಯ ಬೇಡ. ಬೆಲ್ಲದಿಂದ ಏನೂ ಆಗದು ಎಂದು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ರಕ್ತದಲ್ಲಿ ಮಾತ್ರ ಬೆಲ್ಲವೂ ಸಕ್ಕರೆಯೇ. ಕುಬುಸದ ದಿನ ಬಾಯಿಗೆ ಮುಟ್ಟಿಸುವಷ್ಟು ಸಿಹಿ ಸಾಕು. ಹೆದರಿ ಊಟ ಬಿಡುವುದೂ ಅಷ್ಟೇ ಕೆಟ್ಟದ್ದು, ಶ್ರಾವಣವಾಗಲಿ ರಂಜಾನ್ ಆಗಲಿ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ.

ಇನ್ಸುಲಿನ್ ಹಚ್ಚಿದರೆ ಜೀವನವಿಡೀ ಬಿಡುವಂತಿಲ್ಲವೇ? ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ.

ಬಸಿರಿನಲ್ಲಿ ಬಂದ ಕಾಯಿಲೆಗೆ ಹಚ್ಚಿದ ಇನ್ಸುಲಿನ್ನನ್ನು ಹೆಚ್ಚಿನವರಿಗೆ ಹೆರಿಗೆಯಾದ ಕೂಡಲೇ ನಿಲ್ಲಿಸುತ್ತಾರೆ. ಇನ್ಸುಲಿನ್ ಮಾಸನ್ನು ದಾಟಿ ಕೂಸಿಗೆ ಹೋಗುವುದಿಲ್ಲ. ಫ್ರಿಜ್ ಇಲ್ಲದವರು ಒಂದರೊಳಗೊಂದು ಎರಡು ಮಣ್ಣಿನ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಉಸುಕಿಗೆ ನೀರು ಚಿಮುಕಿಸುತ್ತ, ಒಳಗಡಿಗೆಯಲ್ಲಿ ಸೀಸೆಯನ್ನು ಮುಚ್ಚಿಡಬಹುದು. ತೆರೆದ ಸೀಸೆಯನ್ನು ಸುಮಾರು 4 ವಾರದೊಳಗೆ ಬಳಸಬೇಕು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಸಕ್ಕರೆ ಇಳಿದಿದೆ ಎಂದು ತಿಳಿದು ಮೂರು ಚಮಚ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿದು, ಸ್ವಲ್ಪ ಹೊತ್ತಿನಲ್ಲಿ ಊಟ ಮಾಡಿ.

ಇದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ?

ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ, ಹೆರಿಗೆ ಉಚಿತ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ವೈದ್ಯರು ಗರ್ಭಿಣಿಯರನ್ನು ನೋಡುತ್ತಾರೆ. ಅಂದು ಗದ್ದಲ ಹೆಚ್ಚಿರುವುದರಿಂದ ಬೆಳಿಗ್ಗೆ ಬೇಗ ಬಂದು ಮೊದಲು ಗ್ಲೂಕೋಸ್ ಕುಡಿದುಬಿಡಿ, ತೂಕ, ಬಿಪಿ, ಹೊಟ್ಟೆ ತಪಾಸಣೆ ಕಾಯುವ ಆ ಎರಡು ಗಂಟೆಯಲ್ಲಿಯೇ ಮುಗಿಯುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ನಿಜ, ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದ್ದರಿಂದಲೇ ‘ಸ್ಟ್ರಿಪ್ ಇಲ್ಲ, ನಾಳೆ ಬನ್ನಿ’ ಎಂದು ಕಳಿಸುವುದು ಯಾವ ಕೇಂದ್ರಕ್ಕೂ ಶೋಭಿಸುವುದಿಲ್ಲ.

ಹೆರಿಗೆ ಎಲ್ಲಿ ಆಗಬೇಕು?

ಮನೆಯಲ್ಲಿ ಖಂಡಿತ ಬೇಡ. ಸಕ್ಕರೆ ಹಿಡಿತದಲ್ಲಿ ಇಲ್ಲದವರು, ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ತಜ್ಞರಿರುವ ತಾಲೂಕು ಆಸ್ಪತ್ರೆ ಅಥವಾ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹುಟ್ಟಿದ ಕೂಸಿನ ಸಕ್ಕರೆಯನ್ನು ಒಂದು ಗಂಟೆಯ ನಂತರ ನೋಡಲು ಆರಂಭಿಸುತ್ತಾರೆ, 45ಕ್ಕಿಂತ ಕೆಳಗಿಳಿದರೆ ಚಿಕಿತ್ಸೆ ಬೇಕು. ಅದನ್ನು ತಡೆಯುವ ಮೊದಲ ದಾರಿ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು. ಜೇನು, ಸಕ್ಕರೆ ನೀರು ನೆಕ್ಕಿಸಬೇಡಿ. ತಾಯಿಗೆ ಶುಗರ್ ಇತ್ತೆಂದು ಅವಳ ಹಾಲು ಸಿಹಿಯಾಗಿ ಕೆಡುವುದಿಲ್ಲ.

ಹೆರಿಗೆಯಾಯಿತು, ಶುಗರ್ ಹೋಯಿತು. ಇನ್ನೂ ಪರೀಕ್ಷೆ ಇದೆಯೇ?

ಹೆರಿಗೆಯಾದ 6 ವಾರಕ್ಕೆ ಅದೇ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ ಬರಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಸಕ್ಕರೆ ಕಾಯಿಲೆ ಉಳಿದಿದೆ ಎಂದು ಅರ್ಥ. ಎರಡು ಗಂಟೆಯ ಅಂಕಿ 140ರಿಂದ 199ರ ನಡುವೆ ಇದ್ದರೆ ಅದು ಅಂಚಿನಲ್ಲಿದೆ. ಬಸಿರಿನಲ್ಲಿ ಶುಗರ್ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಇದೂ ತವರಿನಲ್ಲಿ ಬಾಣಂತನ ನಡೆದಿರುವಾಗ ಬರುವ ಪರೀಕ್ಷೆ, ಹಾಗಾಗಿ ಇದೂ ಕೈತಪ್ಪುತ್ತದೆ. ಒಂದು ಅನುಕೂಲವಿದೆ: ಕೂಸಿನ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಕೂಡ ಆರನೇ ವಾರಕ್ಕೇ ಬರುತ್ತದೆ. ಕೂಸನ್ನು ಎತ್ತಿಕೊಂಡು ಹೋದ ದಿನ ಬಾಣಂತಿಯೂ ಊಟ ಮಾಡದೆ ಹೋಗಿ, ಅಲ್ಲಿ ಮೊದಲ ರಕ್ತ ಕೊಟ್ಟು, ಗ್ಲೂಕೋಸ್ ಕುಡಿದು ಕೂತರೆ ಇಬ್ಬರ ಕೆಲಸವೂ ಒಂದೇ ಬಸ್ಸಿನ ಓಡಾಟದಲ್ಲಿ ಮುಗಿಯುತ್ತದೆ. ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ, ಎರಡನೇ ಸಲ ರಕ್ತ ಕೊಟ್ಟ ಮೇಲೆ ಅಲ್ಲಿಯೇ ಉಣ್ಣಬಹುದು.